ಮೊದಲ ನೀರು ಚೆಲ್ಲಬೇಕು

ನಮ್ಮ ಮನೆಯ ಉಪ್ಪಿನ ಡಬ್ಬಿಯಲ್ಲಿ ಮೊನ್ನೆಮೊನ್ನೆಯವರೆಗೆ ಒಂದು ಪರಟಿ ಇತ್ತು. ಪರಟಿ ಅಂದರೆ ತೆಂಗಿನ ಚಿಪ್ಪು, ಮತ್ತೇನೂ ಅಲ್ಲ. ಅಂಚು ಸವೆದು ಸವೆದು ಹಪ್ಪಳದಷ್ಟು ತೆಳ್ಳಗಾಗಿತ್ತು. ಸಿಂದಗಿಯ ಈ ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಇದ್ದುದೆಲ್ಲ ಸ್ಟೀಲಾಯಿತು, ಆಮೇಲೆ ಅರ್ಧ ಪ್ಲಾಸ್ಟಿಕ್ಕಾಯಿತು. ಪರಟಿ ಮಾತ್ರ ಹಾಗೇ ಉಳಿಯಿತು. ನಮ್ಮ ಯಜಮಾನರು ವರ್ಷಕ್ಕೊಮ್ಮೆಯಾದರೂ ಅದನ್ನು ಎತ್ತಿ ಹಿಡಿದು, "ಇದನ್ನ ಯಾವಾಗ ತಿಪ್ಪಿಗೆ ಒಗಿತಿ?" ಎಂದು ಕೇಳುವರು. "ನಿಮ್ಮನ್ನ ಒಗದ ಮ್ಯಾಲ," ಎಂದು ನಾನು ಹೇಳುವೆ. ನಲವತ್ತು ವರ್ಷದ ಸಂಸಾರದಲ್ಲಿ ಈ ಮಾತು ಇಬ್ಬರಿಗೂ ಬಾಯಿಪಾಠವಾಗಿದೆ.

ಒಂದು ಮುಂಜಾನೆ ಆ ಪರಟಿ ನನ್ನ ಕೈಯಿಂದ ಜಾರಿ ಬಿತ್ತು. ಒಡೆಯಲಿಲ್ಲ. ನೆಲದ ಮೇಲೆ ನಾಲ್ಕು ಸುತ್ತು ಗಿರಗಿರನೆ ತಿರುಗಿ ಸಿಲಿಂಡರಿನ ಹಿಂದೆ ಹೋಗಿ ಸೇರಿಕೊಂಡಿತು. ನನ್ನ ಮೊಣಕಾಲಿನ ಕಥೆ ನಿಮಗೆ ಬೇಡ. ಅಂತೂ ಅಯ್ಯೋ ಶಿವನೇ ಎನ್ನುತ್ತ ಕುಳಿತು, ಕೈ ಚಾಚಿ ಅದನ್ನು ಹೊರಕ್ಕೆಳೆದೆ. ಎಳೆಯುವಾಗ ಕೈ ತಾನಾಗಿಯೇ ಅದನ್ನು ಬೇರೆ ರೀತಿಯಲ್ಲಿ ಹಿಡಿದಿತ್ತು. ಉಪ್ಪು ತೆಗೆಯುವ ಹಿಡಿತವಲ್ಲ ಅದು. ತಗ್ಗಿನಿಂದ ನೀರು ಮೊಗೆಯುವ ಹಿಡಿತ. ನೆಲದ ಮೇಲೆ ಕುಳಿತವಳು ಎಷ್ಟೋ ಹೊತ್ತು ಏಳಲೇ ಇಲ್ಲ. ನಮ್ಮೂರ ಹಳ್ಳ, ಆಯಿ, ಕಾಶಿ ಎಲ್ಲರೂ ಒಟ್ಟಿಗೆ ಬಂದು ಎದುರಿಗೆ ಕುಳಿತಂತಾಯಿತು.

ಆಯಿ ಅಂದರೆ ನಮ್ಮಪ್ಪನ ತಾಯಿ. ಕಾಶಿ ನನ್ನ ತಂಗಿ. ಅವಳನ್ನು ಇಂಡಿ ಪಟ್ಟಣದ ಹತ್ತಿರದ ಒಂದು ಹಳ್ಳಿಗೆ, ಲಿಂಬೆ ತೋಟದವರ ಮನೆಗೆ ಕೊಟ್ಟಿದ್ದೆವು. ಪರಟಿ ಬಿದ್ದ ದಿನಕ್ಕೆ ಅವಳ ಗಂಡ ಮಲ್ಲಪ್ಪ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಮುಂಜಾನೆ ತೋಟಕ್ಕೆ ಹೋದವನು ಗಿಡದ ಕೆಳಗೆ ಕುಳಿತಲ್ಲಿಯೇ ಹೋಗಿಬಿಟ್ಟಿದ್ದ. ಎದೆ ನಿಂತಿತ್ತು ಎಂದರು ಡಾಕ್ಟರು. ಈ ನಾಲ್ಕು ತಿಂಗಳಲ್ಲಿ ಕಾಶಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಕೇಳಿದ್ದಕ್ಕೆ ಹೂಂ ಅಥವಾ ಉಹೂಂ, ಅಷ್ಟೇ. ಊಟ ಅರ್ಧವಾಗಿತ್ತು, ಮೈಯೂ ಅರ್ಧವಾಗಿತ್ತು. ಅವಳ ಫೋನಿಗೆ ಯಾವಾಗ ಮಾಡಿದರೂ ಸ್ವಿಚ್ ಆಫ್. ಕೊನೆಗೆ ನಾನು ಅವಳ ಸೊಸೆ ಗೀತಾಳಿಗೇ ಮಾಡುತ್ತಿದ್ದೆ. "ದೊಡ್ಡವ್ವಾರ, ಅತ್ತಿ ಒಮ್ಮೆ ಅತ್ತು ಬಿಟ್ಟಿದ್ರ ಚೊಲೊ ಆಗ್ತಿತ್ರಿ. ಹಿಂಗ ಒಳಗ ಇಟಗೊಂಡ್ರ ಅವರು ಉಳಿಯೂದಿಲ್ಲರಿ," ಎಂದು ಆ ಹುಡುಗಿ ಫೋನಿನಲ್ಲಿ ಅಳುತ್ತಿತ್ತು. ಅತ್ತೆ ಅಳಲಿಲ್ಲವೆಂದು ಸೊಸೆ ಅಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನನಗೂ ಎದೆಯಲ್ಲಿ ಅಳುಕು ಹುಟ್ಟಿತ್ತು. ಇದ್ದೊಬ್ಬ ತಂಗಿ.

ನಮ್ಮ ಕಡೆಯ ಹೆಂಗಸರು ಅಳುವುದರಲ್ಲಿ ಹಿಂದೆ ಬಿದ್ದವರಲ್ಲ ಎಂಬುದು ನಿಮಗೂ ಗೊತ್ತಿರಬಹುದು. ಸುಮ್ಮನೆ ಕಣ್ಣೊರೆಸಿಕೊಳ್ಳುವುದನ್ನು ನಾವು ಅಳು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಡ್ಯಾಡಿ ಅಳಬೇಕು. ಸತ್ತವರು ಹುಟ್ಟಿದ್ದು, ಬೆಳೆದದ್ದು, ತಿಂದದ್ದು, ಬೈದದ್ದು, ನಮಗೆ ಕೊಡಿಸಿದ ಸೀರೆಯ ಬಣ್ಣ, ಎಲ್ಲ ಒಂದೊಂದಾಗಿ ರಾಗದಲ್ಲಿ ಬರಬೇಕು. ನಮ್ಮ ಸೋದರತ್ತೆಯೊಬ್ಬಳು ಇದರಲ್ಲಿ ಎತ್ತಿದ ಕೈ. ಓಣಿಯ ತಿರುವಿನಲ್ಲೇ ದನಿ ತೆಗೆದರೆ ಹೆಣದ ಹತ್ತಿರ ಬರುವಷ್ಟರಲ್ಲಿ ಗಂಡಸರೂ ಟವೆಲ್ಲು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅಳು ಮುಗಿದ ಮರುಗಳಿಗೆಯಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡು, "ನನ್ನ ಚಾಕ್ಕ ಸಕ್ಕರಿ ಹಾಕಬ್ಯಾಡ್ರೆವಾ, ಶುಗರ್ ಐತಿ," ಎನ್ನುವಳು. ಅದರಲ್ಲಿ ಕಪಟವೇನೂ ಇರಲಿಲ್ಲ. ಅಳುವಷ್ಟು ಅತ್ತು ಮುಗಿಸಿದ್ದಳು, ಅಷ್ಟೇ.

ಆ ಸೋದರತ್ತೆಯ ಗರಡಿಯಲ್ಲಿ ಪಳಗಿದವಳು ನಾನು. ನಮ್ಮವ್ವ ಸತ್ತಾಗ ನಾನು ಅತ್ತ ಅಳು ಊರಲ್ಲಿ ಬಹಳ ದಿನ ಮಾತಾಗಿತ್ತಂತೆ. ಅವ್ವ ಮದುವೆಯಾಗಿ ಬಂದ ಬಂಡಿಯಿಂದ ಹಿಡಿದು ಕೊನೆಯ ದಿನ ಕುಡಿದ ಗಂಜಿಯವರೆಗೆ ಒಂದೂ ಬಿಟ್ಟಿರಲಿಲ್ಲ. ಕೇಳಲು ಪಕ್ಕದ ಓಣಿಯವರೂ ಬಂದು ಕುಳಿತಿದ್ದರು. ಬಂದವರಿಗೆಲ್ಲ ಬಿಸಿ ಬಿಸಿ ಚಹಾ ಸಿಕ್ಕಿತು. ದುಃಖದ ನಡುವೆಯೂ ನನಗೆ ಒಂದಿಷ್ಟು ಹೆಮ್ಮೆಯಾಗಿತ್ತು, ನಿಮ್ಮ ಹತ್ತಿರ ಸುಳ್ಳೇಕೆ ಹೇಳಲಿ.

ಸಾವಿನ ಮನೆಗೆ ಹೋಗಿ ಬರುವುದಕ್ಕೆ ನಮ್ಮಲ್ಲಿ 'ಮಾತಾಡಿಸಿಕೊಂಡು ಬರೋದು' ಎನ್ನುತ್ತಾರೆ. ಎಷ್ಟು ಚಂದದ ಹೆಸರು ನೋಡಿ. ಸಂತಾಪ ಸೂಚಿಸುವುದಲ್ಲ, ಸಾಂತ್ವನ ಹೇಳುವುದೂ ಅಲ್ಲ; ಮಾತಾಡಿಸುವುದು. ಅಂದರೆ ಮಾತಾಡಬೇಕಾದವರು ಆ ಮನೆಯವರು, ನೋಡಲು ಹೋದವರಲ್ಲ. ಆದರೆ ಹೋದವರು ಬಾಯಿ ಮುಚ್ಚಿಕೊಂಡು ಕುಳಿತದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ? ಮಲ್ಲಪ್ಪ ಹೋದ ಹದಿನೈದು ದಿನ ಆ ಪಡಸಾಲೆಯಲ್ಲಿ ನಾನು ನೋಡಿದ್ದು ಇಷ್ಟು: ಒಬ್ಬರು ಬಂದು ತಮ್ಮ ಬೀಗರು ಸತ್ತದ್ದು ಹೇಳಿದರು. ಇನ್ನೊಬ್ಬರು ಬಂದು ಹೃದಯಕ್ಕೆ ಯಾವ ಎಣ್ಣೆ ಒಳ್ಳೆಯದು ಎಂದು ಹೇಳಿದರು. ಚಡಚಣದಿಂದ ಬಂದ ದ್ರಾಕ್ಷಿ ತೋಟದ ನೆಂಟರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಜನ್ಮಾಂತರದ ಬಗ್ಗೆ ಹೇಳಿದರು. ಕಾಶಿ ಕಂಬಕ್ಕೆ ಒರಗಿ ಕುಳಿತು ಎಲ್ಲರಿಗೂ ಹೂಂ ಅಂದಳು.

ಇವರೆಲ್ಲರಿಗಿಂತ ಹೆಚ್ಚು ಮಾತಾಡಿದವಳು ಯಾರು ಎಂದು ಬೇರೆ ಹೇಳಬೇಕೇ? ತಿಂಗಳು ತುಂಬಿದ ಮೇಲೆ ಒಂದು ಸಲ, ಮೂರನೆಯ ತಿಂಗಳಿಗೆ ಒಂದು ಸಲ ಸಿಂದಗಿಯಿಂದ ಬಸ್ಸು ಹತ್ತಿ ಹೋಗಿದ್ದೆ. ಎರಡು ಸಲವೂ ದಾರಿಯಲ್ಲಿ ಭಾಷಣ ತಯಾರು ಮಾಡಿಕೊಂಡೇ ಹೋಗಿದ್ದೆ. ಧೈರ್ಯ ತಗೊ ಅಂದೆ. ಮಗ ಸೊಸೆ ಬಂಗಾರದಂಥವರು ಇದ್ದಾರೆ ಅಂದೆ. ಅತ್ತುಬಿಡು, ಎದೆ ಹಗುರಾಗುತ್ತದೆ ಅಂದೆ. ಅವಳು ಅಳಲೆಂದು ನಾನೇ ಮೊದಲು ರಾಗ ತೆಗೆದು ಅತ್ತೆ. ಅವಳು ಸೆರಗಿನಿಂದ ನನ್ನ ಕಣ್ಣೊರೆಸಿದಳು. ಯಾರನ್ನು ಯಾರು ಸಮಾಧಾನ ಮಾಡಲು ಹೋದದ್ದು, ಹೇಳಿ.

ಎರಡನೆಯ ಸಲ ಹೋದಾಗ ಊಟಕ್ಕೆ ಕುಳಿತು ನೋಡಿದರೆ ಕಾಶಿಯ ತಾಟಿನಲ್ಲಿ ಬರೀ ಅನ್ನ. ರೊಟ್ಟಿ ಮಾಡಿದ್ದವಳು ಗೀತಾ. ಕಾಶಿಯ ರೊಟ್ಟಿಯೆಂದರೆ ಇಂಡಿಯಿಂದ ಬಾಗೇವಾಡಿಯವರೆಗೆ ನಮ್ಮ ಬಳಗದಲ್ಲಿ ಹೆಸರು ಮಾಡಿದ ರೊಟ್ಟಿ. "ನಮ್ಮ ಮನಿ ರೊಟ್ಟಿ ಹಿಡದು ನೋಡಿದ್ರ ಆ ಕಡಿ ಸೂರ್ಯಾ ಕಾಣ್ತಾನ್ರಿ," ಎಂದು ಮಲ್ಲಪ್ಪ ಬಂದವರ ಎದುರು ಬೀಗುತ್ತಿದ್ದ. ಅಂಥವಳು ಮೂರು ತಿಂಗಳಿಂದ ಹಿಟ್ಟಿನ ಡಬ್ಬಿ ಮುಟ್ಟಿಲ್ಲವೆಂದು ಗೀತಾ ನನ್ನ ಕಿವಿಯಲ್ಲಿ ಹೇಳಿದಳು. ಹೇಳಿದಾಗಲಾದರೂ ನಾನು ನಿಂತು ಯೋಚಿಸಬೇಕಿತ್ತಲ್ಲ? ಇಲ್ಲ. "ಜೋಳದ ಸೀಮ್ಯಾಗ ಹುಟ್ಟಿ ಅನ್ನ ತಿಂತಿಯೇನ? ಮೈಯಾಗ ಶಕ್ತಿ ಎಲ್ಲಿಂದ ಬರಬೇಕು? ಫೋನ್ ಚಾರ್ಜ್ ಮಾಡೂದೂ ಆಗೂದಿಲ್ಲೇನ ನಿನಗ?" ಎಂದು ರೇಗಿದೆ. ಕಾಶಿ ಅನ್ನ ಕಲಸುತ್ತಲೇ, "ಅಕ್ಕಾ, ನಿನ್ನ ಬಸ್ಸಿಗೆ ಹೊತ್ತಾತು," ಅಂದಳು. ಆ ದಿನ ಅವಳು ಆಡಿದ ಪೂರ್ತಿ ವಾಕ್ಯ ಅದೊಂದೇ.

ಇನ್ನು ಹಳ್ಳದ ವಿಷಯ. ಅದಕ್ಕೂ ಮೊದಲು ನನ್ನ ಒಂದು ತಪ್ಪು ಒಪ್ಪಿಕೊಳ್ಳಬೇಕು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಮುದ್ದೇಬಿಹಾಳದಲ್ಲಿ ಕೆಲವು ವರ್ಷ, ಯಂಕಂಚಿಯ ಕಡೆ ಕೆಲವು ವರ್ಷ, ಕೊನೆಗೆ ಸಿಂದಗಿ. ನುಡಿಗಟ್ಟುಗಳ ಪಾಠ ಬಂದರೆ ನನಗೆ ಹಬ್ಬ. ಕರಿಹಲಗೆಯ ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ. ಕಟ್ಟೆಯೊಡೆ: ತಡೆದುಕೊಂಡದ್ದು ಒಮ್ಮೆಲೇ ಹೊರಗೆ ಬರು. ದುಃಖ ತೋಡಿಕೊ: ಮನಸ್ಸಿನ ಸಂಕಟವನ್ನು ಹೇಳಿಕೊ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ತೋಡೂದು ಅಂದ್ರ ಕೈಲೆ ತಗ್ಗ ತಗಿಯೂದಲ್ರಿ? ದುಃಖ ಯಾಕ ತೋಡ್ತಾರ್ರಿ?" ಎಂದು ಕೇಳಿದಳು. ಇಡೀ ವರ್ಗ ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಗೊತ್ತಿಲ್ಲದ ಮಾಸ್ತರಿಕೆಗೆ ಒಂದೇ ದಾರಿ: "ಪರೀಕ್ಷಾದಾಗ ಅದನ್ನ ಕೇಳೂದಿಲ್ಲ, ಕುಂದ್ರು." ಹುಡುಗಿ ಕುಳಿತಳು. ಉತ್ತರವೋ, ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ಕುಳಿತಿತ್ತು.

ನಮ್ಮ ತವರು ಬಸವನ ಬಾಗೇವಾಡಿ ಕಡೆಯ ಒಂದು ಸಣ್ಣ ಊರು. ಊರ ಬಾವಿಯ ನೀರು ಸವುಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಕುಡಿದರೆ ನಾಲಿಗೆ ಒಪ್ಪುತ್ತಿರಲಿಲ್ಲ. ಸಿಹಿ ನೀರು ಬೇಕೆಂದರೆ ಹಳ್ಳಕ್ಕೇ ಹೋಗಬೇಕು. ಹಳ್ಳವಾದರೋ ಶಿವರಾತ್ರಿ ಕಳೆಯುವ ಹೊತ್ತಿಗೆ ಒಣಗಿ ಬರೀ ಉಸುಕಾಗುತ್ತಿತ್ತು. ನೋಡಿದವರು ಇದರಲ್ಲಿ ನೀರೆಲ್ಲಿ ಎನ್ನಬೇಕು. ಆದರೆ ನೀರು ಉಸುಕಿನ ಕೆಳಗೆ ಇರುತ್ತಿತ್ತು. ಉಸುಕನ್ನು ತೋಡಿ ವರ್ತಿ ಮಾಡಿಕೊಂಡು, ಅದರಲ್ಲಿ ಒಸರಿದ ನೀರನ್ನು ಪರಟಿಯಿಂದ ಮೊಗೆದು ಕೊಡ ತುಂಬಿಸಬೇಕು. ವರ್ತಿ ಎಂದರೆ ಮೊಳಕೈ ಮುಳುಗುವಷ್ಟು ಆಳದ ಒಂದು ತಗ್ಗು. ಆಯಿ ನಮ್ಮಿಬ್ಬರನ್ನೂ ಕರೆದುಕೊಂಡು ದಿನಾ ಮುಂಜಾನೆ ಹೋಗುತ್ತಿದ್ದಳು. ಆಗ ನನಗೆ ಹತ್ತು ವರ್ಷ, ಕಾಶಿಗೆ ಏಳು.

ವರ್ತಿ ತೋಡುವುದಕ್ಕೂ ರೀತಿ ಇತ್ತು. ಗುದ್ದಲಿ ಮುಟ್ಟುವಂತಿಲ್ಲ, ಕೈಯಿಂದಲೇ ತೋಡಬೇಕು. ಗುದ್ದಲಿ ಹಾಕಿದರೆ ಸುತ್ತಲಿನ ಉಸುಕೆಲ್ಲ ಕುಸಿದು ತಗ್ಗು ಮುಚ್ಚಿಹೋಗುತ್ತದೆ. ತೋಡಿದಾಗ ಮೊದಲು ಬರುವುದು ಕೆಸರು ನೀರು. ಅದನ್ನು ಮೊಗೆದು ದೂರ ಚೆಲ್ಲಬೇಕು. "ಮೊದಲಿನ ನೀರು ಕುಡಿಯಾಕಲ್ಲ, ಚೆಲ್ಲಾಕ. ಚೆಲ್ಲು, ಅದರ ಮಾರಿ ನೋಡಬ್ಯಾಡ," ಎನ್ನುವಳು ಆಯಿ. ಚೆಲ್ಲಿದ ಮೇಲೆ ಕೈ ತೆಗೆದು ಸುಮ್ಮನೆ ಕುಳಿತುಬಿಡಬೇಕು. ಬಗ್ಗಿ ಬಗ್ಗಿ ನೋಡುವಂತಿಲ್ಲ, ಅಂಚಿನ ಉಸುಕು ಒಳಗೆ ಬೀಳುತ್ತದೆ. ಬಿಟ್ಟು ಎದ್ದು ಹೋಗುವಂತೆಯೂ ಇಲ್ಲ, ನಾಯಿ ಬಂದು ಬಾಯಿ ಹಾಕುತ್ತದೆ. ಕುಳಿತಿರಬೇಕು. ಕೆಳಗಿನಿಂದ ನೀರು ತನಗೆ ತಿಳಿದ ಹಾಗೆ, ತನ್ನ ಹೊತ್ತಿಗೆ, ತಿಳಿಯಾಗಿ ಬರುತ್ತದೆ.

ಈ ಕುಳಿತಿರುವ ಕೆಲಸ ನನ್ನ ಕೈಲಿ ಎಂದೂ ಆಗಲಿಲ್ಲ. ಎರಡು ನಿಮಿಷಕ್ಕೊಮ್ಮೆ "ಬಂತೇನ ಆಯಿ? ಈಗ ಬಂತೇನ?" ಎಂದು ಬಗ್ಗುವೆ, ಪರಟಿ ಅದ್ದುವೆ, ನೀರೆಲ್ಲ ಮತ್ತೆ ಕೆಸರು. "ನಿನ್ನ ಬಾಯಿಗೂ ದಮ್ಮಿಲ್ಲ, ಕೈಗೂ ದಮ್ಮಿಲ್ಲ. ಆ ಕಡಿ ಹೋಗಿ ಕೂಡು," ಎಂದು ಆಯಿ ಪರಟಿಯನ್ನು ಕಸಿದು ಕಾಶಿಗೆ ಕೊಡುವಳು. ಕಾಶಿ ಮೊಣಕಾಲ ಮೇಲೆ ಗದ್ದವಿಟ್ಟು, ವರ್ತಿಯ ಕಡೆ ನೋಡಿಯೂ ನೋಡದ ಹಾಗೆ ಕುಳಿತಿರುತ್ತಿದ್ದಳು. ಹೊತ್ತಾದ ಮೇಲೆ ಪರಟಿಯನ್ನು ಮೆಲ್ಲಗೆ ಓರೆ ಮಾಡಿ ಮೊಗೆದರೆ ಕೆಳಗಿನ ಉಸುಕಿನ ಒಂದು ಕಾಳೂ ಅಲುಗುತ್ತಿರಲಿಲ್ಲ. ನಾನು ದೂರ ಕುಳಿತು ಕಲ್ಲು ಒಗೆಯುತ್ತ ಹೊಟ್ಟೆಕಿಚ್ಚು ಪಡುತ್ತಿದ್ದೆ. ಕೊಡ ಹೊತ್ತುಕೊಂಡು ಬರುವಾಗ ಮಾತ್ರ ಓಣಿಗೆಲ್ಲ ಕೇಳುವಂತೆ, "ನೀರು ತಂದ್ವಿ, ನೀರು ತಂದ್ವಿ," ಎಂದು ಕೂಗುತ್ತಿದ್ದವಳು ನಾನೇ.

ದುಃಖ ತೋಡಿಕೊಳ್ಳುವುದು ಎಂಬ ಮಾತು ಇಂಥ ಹಳ್ಳದಿಂದಲೇ ಬಂದದ್ದು ಎಂದು ಯಾವ ನಿಘಂಟಿನಲ್ಲಿಯೂ ಇರಲಿಕ್ಕಿಲ್ಲ. ಪಂಡಿತರು ಬೇರೆ ಏನಾದರೂ ಹೇಳಬಹುದು, ಹೇಳಲಿ. ಆದರೆ ಆ ಮುಂಜಾನೆ ಸಿಲಿಂಡರಿನ ಪಕ್ಕದಲ್ಲಿ ಕುಳಿತ ನನಗೆ ಅದರಲ್ಲಿ ಸಂದೇಹ ಉಳಿಯಲಿಲ್ಲ. ಮೇಲೆ ಒಣಗಿದಂತೆ ಕಾಣುವ ಕಡೆ, ಕೆಳಗೆ ನೀರಿದೆಯೆಂದು ಬಲ್ಲವರು ಆಡಿದ ಮಾತು ಅದು. ಕಟ್ಟೆಯಾದರೆ ತಾನೇ ಒಡೆಯುತ್ತದೆ, ಯಾರೂ ಬೇಕಿಲ್ಲ. ತೋಡುವುದಕ್ಕೆ ಮಾತ್ರ ಪಕ್ಕದಲ್ಲಿ ಒಬ್ಬರು ಕುಳಿತಿರಬೇಕು. ನಾನೋ ತಂಗಿಯ ಮನೆಗೆ ಎರಡು ಸಲ ಗುದ್ದಲಿ ತೆಗೆದುಕೊಂಡು ಹೋಗಿದ್ದೆ. ಹಿಂದಿನ ಬೆಂಚಿನ ಆ ಹುಡುಗಿ ಈಗ ಎಲ್ಲಿದ್ದಾಳೋ, ಅವಳನ್ನು ಕರೆದು ತಪ್ಪಾಯಿತವ್ವಾ ಎನ್ನಬೇಕು ಎನಿಸಿತು.

ಮರುದಿನವೇ ಇಂಡಿಯ ಬಸ್ಸು ಹತ್ತಿದೆ. ಚೀಲದಲ್ಲಿ ಪರಟಿ ಇತ್ತು. "ಈ ಸಲ ಏನ ಭಾಷಣ?" ಎಂದು ಯಜಮಾನರು ಕೇಳಿದರು. "ಬಾಯಿ ಮುಚಗೊಂಡು ಕೂಡಾಕ ಹೊಂಟೇನಿ," ಅಂದೆ. ಅವರು ನಗಲೇ ಇಲ್ಲ, ಹೆದರಿದವರಂತೆ ನನ್ನ ಮುಖ ನೋಡಿ, "ಗುಳಿಗಿ ತಗೊಂಡಿಯಿಲ್ಲೊ?" ಎಂದರು.

ನಾನು ಹೋದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಕಾಶಿ ಪಡಸಾಲೆಯಲ್ಲಿ ಗೋಣಿಚೀಲ ಹಾಸಿ, ಬೆಳಿಗ್ಗೆ ಆಯ್ದು ತಂದ ಲಿಂಬೆಹಣ್ಣಿನ ರಾಶಿಯ ಮುಂದೆ ಕುಳಿತಿದ್ದಳು. ದಪ್ಪನೆಯವು ಒಂದು ಕಡೆ, ಸಣ್ಣವು ಒಂದು ಕಡೆ, ಕಲೆ ಬಿದ್ದವು ಉಪ್ಪಿನಕಾಯಿಗೆಂದು ಬುಟ್ಟಿಗೆ. ನಾನು "ಬಂದ್ನೆವಾ" ಅಂದೆ. ಅವಳು ಹೂಂ ಅಂದಳು. ಎದುರಿಗೆ ಕುಳಿತು ನಾನೂ ಹಣ್ಣು ಆರಿಸತೊಡಗಿದೆ.

ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂಬುದು ಮಾತುಗಾರರಿಗಷ್ಟೇ ಗೊತ್ತು. ಐದು ನಿಮಿಷಕ್ಕೆ ನನ್ನ ನಾಲಿಗೆ ತುರಿಸತೊಡಗಿತು. ಹತ್ತು ನಿಮಿಷಕ್ಕೆ, ಈ ಸಲ ಹಣ್ಣು ಚೊಲೊ ಬಂದಾವಲ್ಲ ಎಂಬ ಮಾತು ಹಲ್ಲಿನವರೆಗೆ ಬಂದು ಹಿಂದಕ್ಕೆ ಹೋಯಿತು. ಗೀತಾ ಎರಡು ಸಲ ಬಾಗಿಲಲ್ಲಿ ಇಣುಕಿದಳು. ಮೂರನೆಯ ಸಲ ತಡೆಯಲಾರದೆ, "ದೊಡ್ಡವ್ವಾರ, ಮೈಯಾಗ ಆರಾಮಿಲ್ಲೇನ್ರಿ?" ಎಂದು ಕೇಳಿಯೇಬಿಟ್ಟಳು. ನಾನು ಆರಾಮ ಇದ್ದೇನೆ ಎಂದು ಕೈಮಾಡಿ ತೋರಿಸಿದೆ. ಆಮೇಲೆ ಚೀಲದಿಂದ ಪರಟಿ ತೆಗೆದು, ಏನೂ ಹೇಳದೆ, ರಾಶಿಯ ಪಕ್ಕದಲ್ಲಿ ನಮ್ಮಿಬ್ಬರ ನಡುವೆ ಇಟ್ಟೆ.

ಕಾಶಿಯ ಕೈ ನಿಂತಿತು. ಪರಟಿಯನ್ನು ತೆಗೆದುಕೊಂಡಳು. ತಿರುಗಿಸಿ ಅಂಚು ಮುಟ್ಟಿ ನೋಡಿದಳು.

"ಆಯಿದು," ಅಂದಳು.

ನಾನು ಹೂಂ ಅಂದೆ. ಈ ಸಲ ಹೂಂ ನನ್ನ ಪಾಲಿಗೆ ಬಂದಿತ್ತು.

"ಆಯಿ ಸತ್ತ ಮ್ಯಾಲ ನೀನ ಒಯ್ದಿ. ನನ್ನ ಒಂದ ಮಾತು ಕೇಳಲಿಲ್ಲ." ದನಿ ಮೆಲ್ಲಗಿತ್ತು. "ನೀರು ತುಂಬಿದಾಕಿ ನಾ. ಒಯ್ದಾಕಿ ನೀ."

ನನಗೆ ಚುರುಕ್ಕೆಂದಿತು. ಒಂದು ತೆಂಗಿನ ಚಿಪ್ಪಿಗೆ ಇಷ್ಟು ವರ್ಷದ ಸಿಟ್ಟೇ? ಬೇಕಂದಿದ್ದರೆ ಕೊಡುತ್ತಿರಲಿಲ್ಲವೇ? ಎಲ್ಲವೂ ಬಾಯಿಗೆ ಬಂತು. ಎರಡು ಕೈಯಲ್ಲೂ ಒಂದೊಂದು ಲಿಂಬೆಹಣ್ಣನ್ನು ಬಿಗಿಯಾಗಿ ಹಿಡಿದು ಸುಮ್ಮನೆ ಕುಳಿತೆ.

"ಎಲ್ಲಾ ನೀನ ಒಯ್ದಿ. ಸಾಲಿಗೆ ನಿನ್ನ ಕಳಿಸಿದ್ರು. ಮಂದ್ಯಾಗ ಮಾತಾಡೂದೂ ನೀನ. ಅವ್ವ ಸತ್ತಾಗ..." ಅವಳು ಒಂದು ಹಣ್ಣನ್ನು ಎತ್ತಿ ಬುಟ್ಟಿಗೆ ಒಗೆದಳು. ಅದಕ್ಕೆ ಕಲೆ ಇರಲಿಲ್ಲ. "ಅವ್ವ ಸತ್ತಾಗ ನೀ ನಡುವ ಕುಂತು ಹಾಡಿ ಹಾಡಿ ಅತ್ತಿ. ಊರ ಮಂದಿ ಎಲ್ಲಾ ನಿನ್ನ ಸುತ್ತ ಕುಂತಿತ್ತು. ನಾ ಏನ ಮಾಡಾಕತ್ತಿದ್ನಿ, ಗೊತ್ತೈತೇನು ನಿನಗ? ಒಲಿ ಮುಂದ ಕುಂತು ಅಷ್ಟೂ ಮಂದಿಗೆ ಚಾ ಕಾಸಾಕತ್ತಿದ್ನಿ. ನನಗೂ ಅವ್ವ ಅಲ್ಲೇನ ಆಕಿ? ನನಗ ಅಳಾಕ ಜಾಗಾನ ಇರಲಿಲ್ಲ."

ಆ ಬಿಸಿ ಬಿಸಿ ಚಹಾ. ಇಷ್ಟು ವರ್ಷ ಅದನ್ನು ಮಾಡಿದವರು ಯಾರು ಎಂಬ ಪ್ರಶ್ನೆ ನನ್ನ ತಲೆಗೆ ಬಂದಿರಲೇ ಇಲ್ಲ. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸಾಲಿಗೆ ಕಳಿಸಿದ್ದು ಅಪ್ಪ, ನಾನಲ್ಲ ಎನ್ನಬೇಕೆನಿಸಿತು. ಎದ್ದು ಹೋಗಬೇಕೆಂದೂ ಎನಿಸಿತು, ನಿಜವಾಗಿ. ಆಯಿ ಹೇಳಿದ್ದು ನೆನಪಾಗದಿದ್ದರೆ ನಾನು ಖಂಡಿತ ಅವಳಿಗೆ ಎದುರುತ್ತರ ಕೊಟ್ಟು, ಜಗಳ ಮಾಡಿ, ನಾಲ್ಕೂವರೆಯ ಬಸ್ಸಿಗೆ ಸಿಂದಗಿಗೆ ವಾಪಸಾಗುತ್ತಿದ್ದೆ. ಮೊದಲಿನ ನೀರು. ಕುಡಿಯಲಿಕ್ಕಲ್ಲ, ಚೆಲ್ಲಲಿಕ್ಕೆ. ಚೆಲ್ಲಲಿ ಎಂದು ಬಿಟ್ಟೆ. ಅವಳು ಗಂಡನನ್ನೂ ಬೈದಳು, ನೀರು ಬಿಡಲು ಹೇಳದೆ ಕೇಳದೆ ತೋಟಕ್ಕೆ ಓಡುತ್ತಿದ್ದ ಅವನ ಅವಸರವನ್ನು ಬೈದಳು, ಮಗನನ್ನು ಬೈದಳು, ಎಣ್ಣೆಯ ಸಲಹೆ ಕೊಟ್ಟವರನ್ನು ಬೈದಳು. ಬೈದು ಬೈದು ದನಿ ಸೋತು ನಿಂತುಬಿಟ್ಟಳು.

ಆಮೇಲೆ ಬಹಳ ಹೊತ್ತು ಅಂಗಳದಲ್ಲಿ ಕೋಳಿ ಕೆದಕುತ್ತಿತ್ತು. ನಾನು ಅವಳ ಮುಖ ನೋಡಲಿಲ್ಲ. ಹಣ್ಣು ಆರಿಸುತ್ತಲೇ ಇದ್ದೆ, ದಪ್ಪ ಯಾವುದು ಸಣ್ಣ ಯಾವುದು ಎಂಬ ಅರಿವೇ ಇಲ್ಲದೆ.

"ಅಕ್ಕಾ," ಅಂದಳು ಕಾಶಿ. "ಅವತ್ತ ಅವರು ಫೋನ್ ಮಾಡಿದ್ರು."

ನನ್ನ ಕೈ ನಿಲ್ಲಲು ಹವಣಿಸಿತು, ನಿಲ್ಲಿಸಲಿಲ್ಲ.

"ರೊಟ್ಟಿ ಬಡ್ಯಾಕತ್ತಿದ್ನಿ. ಕೈ ತುಂಬ ಹಿಟ್ಟು. ದಿನಾ ಅದ ಹೊತ್ತಿಗೆ ಮಾಡ್ತಿದ್ರು. ಹಗ್ಗ ಎಲ್ಲಿಟ್ಟಿ, ಕುಡಗೋಲು ಎಲ್ಲಿಟ್ಟಿ, ಚಾ ಕಳಸು, ಇಂಥಾವ. ಫೋನ್ ಬಾರಿಸ್ತು. ಬಿಡು, ಮನಿಗೇ ಬರ್ತಾರಲ್ಲ ಅಂದ್ನಿ. ನಿಂತಿತು. ಮತ್ತ ಬಾರಿಸ್ತು. ಎರಡ ಸಲ, ಅಕ್ಕಾ. ನಾ ರೊಟ್ಟಿ ತಿರುವಿ ಹಾಕಿದ್ನಿ." ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು. "ಯಾರಿಗೂ ಹೇಳಿಲ್ಲ. ಹೆಂಗ ಹೇಳ್ಲಿ? ಹಿಟ್ಟು ಮುಟ್ಟಿದ್ರ ಅದ ಸಪ್ಪಳ ಕೇಳಿಸ್ತೈತಿ."

ಹಿಟ್ಟಿನ ಡಬ್ಬಿ. ಬರೀ ಅನ್ನ. ಸ್ವಿಚ್ ಆಫ್ ಆದ ಫೋನು. ನಾಲ್ಕು ತಿಂಗಳಿಂದ ಅವಳು ಹೇಳುತ್ತಲೇ ಇದ್ದಳು, ಕನ್ನಡ ಟೀಚರು ಓದಿಕೊಳ್ಳಲಿಲ್ಲ.

"ನಾ ಎತ್ತಿದ್ರ ಉಳೀತಿದ್ರೇನಕ್ಕಾ?"

ಮೂವತ್ತು ವರ್ಷ ಯಾವ ಪ್ರಶ್ನೆಗೂ ಗೊತ್ತಿಲ್ಲ ಎಂದವಳಲ್ಲ ನಾನು. ಇದಕ್ಕೂ ಉತ್ತರಗಳು ಸಾಲಾಗಿ ಬಂದು ನಿಂತವು. ಇಲ್ಲವ್ವಾ, ಅವರ ಹಣೆಯಲ್ಲಿ ಬರೆದಿತ್ತು ಎನ್ನಬಹುದಿತ್ತು. ಡಾಕ್ಟರು ಕ್ಷಣದಲ್ಲಿ ಹೋಗಿದ್ದಾರೆ ಎಂದಿದ್ದರಲ್ಲ ಎಂದು ಸುಳ್ಳು ಹೇಳಬಹುದಿತ್ತು. ತಿಳಿಯಾಗುತ್ತಿದ್ದ ನೀರಿಗೆ ಮತ್ತೆ ಕೈ ಹಾಕುವುದೆಂದರೆ ಅದೇ.

"ಗೊತ್ತಿಲ್ಲವ್ವಾ," ಅಂದೆ. "ನನಗ ಗೊತ್ತಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಇನ್ನೇನಾದರೂ ಹೇಳುತ್ತೇನೆಂದು ಕಾದಳೇನೋ. ನಾನು ಹೇಳಲಿಲ್ಲ. ಆಗ ಅವಳ ಬಾಯಿ ಚಿಕ್ಕ ಮಕ್ಕಳ ಬಾಯಿಯಂತೆ ಸೊಟ್ಟಗಾಯಿತು. ರಾಗವಿಲ್ಲ, ಹಾಡಿಲ್ಲ; ಪರಟಿಯನ್ನು ಎದೆಗೆ ಒತ್ತಿಕೊಂಡು, ಲಿಂಬೆಹಣ್ಣಿನ ರಾಶಿಯ ಮೇಲೆ ಬಾಗಿ, ಏಳು ವರ್ಷದ ಕಾಶಿಯ ಹಾಗೆ ಅತ್ತಳು. ಗೀತಾ ಒಳಗಿನಿಂದ ಓಡಿಬಂದಳು. ಬರಬೇಡ ಎಂದು ನಾನು ಕೈ ತೋರಿಸಿದೆ. ಅವಳು ಬಾಗಿಲಲ್ಲೇ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು.

ಅಳು ನಿಂತ ಮೇಲೆ ನಾನು ಎದ್ದು ಒಳಗೆ ಹೋಗಿ ಮೂವರಿಗೂ ಚಹಾ ಕಾಸಿದೆ. ಪಾಪ, ಗೀತಾ ಮೊದಲು ಬಿಡಲಿಲ್ಲ. "ನಾ ಮಾಡ್ತೇನಿ ದೊಡ್ಡವ್ವಾರ," ಎಂದು ಪಾತ್ರೆ ಹಿಡಿದು ಎಳೆದಳು. ಈ ಚಹಾದ ಸರದಿ ನನ್ನದು ಎಂದು ಅವಳಿಗೆ ಹೇಗೆ ತಿಳಿಯಬೇಕು?

ಪರಟಿಯನ್ನು ಅಲ್ಲೇ ಬಿಟ್ಟು ಬಂದೆ. ಈಗ ನಮ್ಮ ಉಪ್ಪಿನ ಡಬ್ಬಿಯಲ್ಲಿ ಸ್ಟೀಲಿನ ಚಮಚ ಇದೆ. ಅದರ ಅಳತೆ ನನಗಿನ್ನೂ ಸಿಕ್ಕಿಲ್ಲ. ಒಂದು ದಿನ ಸಾರು ಸಪ್ಪೆ, ಒಂದು ದಿನ ಉಪ್ಪುಪ್ಪು. ಒಗೆಯುವುದು ಯಾವಾಗ ಎಂದು ಕೇಳುತ್ತಿದ್ದವರೇ ಈಗ, "ಆ ಪರಟಿ ಇದ್ದಾಗ ಚೊಲೊ ಇತ್ತು," ಎನ್ನುತ್ತಿದ್ದಾರೆ.

ಬಂದು ಒಂದು ವಾರವಾಗಿರಬೇಕು. ಮುಂಜಾನೆ ಅಡುಗೆಮನೆಯಲ್ಲಿ ನಿಂತಿದ್ದವಳು ಯಾವುದೋ ಯೋಚನೆಯಲ್ಲಿ, ರೂಢಿಯಂತೆ ಗೀತಾಳಿಗೆ ಮಾಡುವ ಬದಲು, ಕಾಶಿಯ ನಂಬರನ್ನೇ ಒತ್ತಿದ್ದೆ. ಫೋನು ಬಾರಿಸಿತು. ಬಾರಿಸಿದ ಮೇಲೆ ಹೊಳೆಯಿತು ಹೊತ್ತು ಯಾವುದೆಂದು. ಅದೇ ಹೊತ್ತು, ರೊಟ್ಟಿಯ ಹೊತ್ತು. ಎಂಥ ಹುಚ್ಚಿ ನಾನು! ಕತ್ತರಿಸಲು ಬೆರಳು ಎತ್ತಿದೆ. ಎರಡನೆಯ ಸಲ ಬಾರಿಸುವ ಮೊದಲೇ ಅವಳು ಎತ್ತಿಬಿಟ್ಟಳು.

"ಹೇಳಕ್ಕಾ! ಏನಾತು?" ಏದುಸಿರು ಬಿಡುತ್ತಿದ್ದಳು. "ಹಿಟ್ಟಿನ ಕೈ ಐತಿ, ಲಗೂ ಹೇಳು."

"ಏನಿಲ್ಲವ್ವಾ. ಸುಮ್ನ ಮಾಡಿದ್ನಿ."

"ಸುಮ್ನನ?"

"ಹೂಂ. ಸುಮ್ನ."

ಆ ಕಡೆ ಅವಳ ಉಸಿರು ನಿಧಾನವಾಗಿ ಹದಕ್ಕೆ ಬಂತು.

"ಹಂಗಾರ ಇಡಬ್ಯಾಡ," ಅಂದಳು. "ಸ್ಪೀಕರ್ ಹಾಕ್ತೇನಿ. ಹಂಚಿನ ಮ್ಯಾಲ ಒಂದು ಐತಿ, ಸೀದು ಹೋಗತೈತಿ."

ಫೋನನ್ನು ಎಲ್ಲೋ ಇಟ್ಟ ಸಪ್ಪಳವಾಯಿತು. ಆಮೇಲೆ ತಟ್, ತಟ್, ತಟ್. ಅಂಗೈ ಹಿಟ್ಟಿನ ಮೇಲೆ ಬೀಳುವ ಸದ್ದು; ನಡುವೆ ರೊಟ್ಟಿ ತಿರುಗಿಸುವ ಒಂದು ಚೂರು ವಿರಾಮ; ಮತ್ತೆ ತಟ್, ತಟ್, ತಟ್. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಅಲ್ಲೇ ಕಟ್ಟೆಗೆ ಒರಗಿದೆ.

ಯಜಮಾನರು ಪೇಪರು ಹಿಡಿದು ಒಳಗೆ ಬಂದವರು, ಇಷ್ಟು ಹೊತ್ತು ಫೋನು ಹಿಡಿದೂ ನಾನು ಮಾತಾಡದ್ದನ್ನು ನೋಡಿ ಗಾಬರಿಯಾದರು. "ಯಾರದು? ಏನಂತಾರ?" ಎಂದರು.

ನಾನು ಸುಮ್ಮನಿರಿ ಎಂದು ಕೈ ಮಾಡಿದೆ.

"ಸಪ್ಪಳ ಮಾಡಬ್ಯಾಡ್ರಿ," ಅಂದೆ, "ಕಾಶಿ ಮಾತಾಡಾಕತ್ತಾಳ."